ಹಸು ಬತ್ತಿಸುವಾಗ ಟ್ಯೂಬೇ, ಸೀಲಂಟೇ, ಎರಡೂ ಬೇಕೇ?

ಏಳು ತಿಂಗಳು ತುಂಬಿದ ಗಬ್ಬದ ಹಸುವಿನ ಹಾಲು ಬತ್ತಿಸಬೇಕು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಅನುಮಾನವೆಲ್ಲ ಶುರುವಾಗುವುದು ಕೊನೆಯ ಸಲ ಹಾಲು ಕರೆದು ಮೇಲೆದ್ದಾಗ. ತೊಟ್ಟಿನೊಳಗೆ ಆಂಟಿಬಯಾಟಿಕ್ ಟ್ಯೂಬ್ ಹಾಕಬೇಕೆ, ತೊಟ್ಟಿನ ದಾರಿ ಮುಚ್ಚುವ ಸೀಲಂಟ್ ಸಾಕೆ, ಎರಡೂ ಬೇಕೆ, ಏನೂ ಹಾಕದೆ ಬಿಟ್ಟರೂ ನಡೆಯುತ್ತದೆಯೆ? ಒಬ್ಬ ಪಶುವೈದ್ಯರು ಎಲ್ಲ ಹಸುವಿಗೂ ಟ್ಯೂಬ್ ಹಾಕಿ ಎನ್ನುತ್ತಾರೆ. ಇನ್ನೊಬ್ಬರು ಚೆನ್ನಾಗಿರುವ ಕೆಚ್ಚಲಿಗೆ ಔಷಧಿ ಯಾಕೆ ಎಂದು ಕೇಳುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯವಿದೆ, ಆದರೆ ಅವರ ಕಣ್ಣ ಮುಂದಿರುವ ಹಸುಗಳು ಬೇರೆ ಬೇರೆ. ಇಡೀ ಕೊಟ್ಟಿಗೆಗೆ ಒಂದೇ ತೀರ್ಮಾನ ಮಾಡಲು ಹೋದಾಗಲೇ ಗೊಂದಲ. ಒಂದೊಂದು ಹಸುವಿನ ಕೆಚ್ಚಲನ್ನು ನೋಡಿ ತೀರ್ಮಾನಿಸಿದರೆ ಉತ್ತರ ಅಷ್ಟು ಕಷ್ಟವಲ್ಲ.

ಕೆಲಸ ಎರಡು, ಔಷಧಿಯೂ ಎರಡು

ಬತ್ತಿಸುವ ಹೊತ್ತಿನಲ್ಲಿ ಕೆಚ್ಚಲಿಗೆ ಆಗಬೇಕಾದ ಕೆಲಸ ಎರಡು. ಒಳಗೆ ಈಗಾಗಲೇ ಸೇರಿಕೊಂಡಿರುವ ಸೋಂಕನ್ನು ತೆಗೆಯುವುದು ಒಂದು. ಮುಂದಿನ ಎರಡು ತಿಂಗಳಲ್ಲಿ ಹೊಸ ಸೋಂಕು ಒಳಗೆ ಬಾರದಂತೆ ನೋಡಿಕೊಳ್ಳುವುದು ಇನ್ನೊಂದು. ಆಂಟಿಬಯಾಟಿಕ್ ಇರುವ ಡ್ರೈ ಟ್ಯೂಬ್ ಮುಖ್ಯವಾಗಿ ಮೊದಲ ಕೆಲಸಕ್ಕೆ. ಸೀಲಂಟ್ ಎರಡನೆಯದಕ್ಕೆ ಮಾತ್ರ. ಅದರಲ್ಲಿ ರೋಗಾಣು ಕೊಲ್ಲುವ ಗುಣವಿಲ್ಲ, ಅದು ಬರೀ ಬಿರಡೆ. ಬಿರಡೆಯಿಂದ ಚಿಕಿತ್ಸೆ ಬಯಸುವುದು, ಔಷಧಿಯಿಂದ ಎರಡು ತಿಂಗಳ ಕಾವಲು ಬಯಸುವುದು, ಇವೆರಡೂ ಕೈಕೊಡುತ್ತವೆ.

ಹೊಸ ಸೋಂಕು ಹೆಚ್ಚಾಗಿ ತಗಲುವುದು ಬತ್ತಿಸಿದ ಮೊದಲ ಎರಡು ವಾರ ಮತ್ತು ಕರು ಹಾಕುವ ಮುಂಚಿನ ಎರಡು ವಾರ. ದಿನಾ ಹಾಲು ಕರೆಯುವಾಗ ತೊಟ್ಟಿನ ದಾರಿಗೆ ಬಂದ ರೋಗಾಣು ಹಾಲಿನ ಜೊತೆಗೇ ಹೊರಗೆ ಹೋಗುತ್ತಿರುತ್ತದೆ. ಕರೆಯುವುದು ನಿಂತ ದಿನ ಆ ತೊಳೆತವೂ ನಿಂತಿತು. ಒಳಗೆ ಹಾಲು ತುಂಬಿ ಒತ್ತಡ ಏರುತ್ತದೆ, ತೊಟ್ಟು ಬಿಗಿದು ಸುಮಾರು ಒಂದು ಸೆಂಟಿಮೀಟರ್ ಉದ್ದದ ಆ ದಾರಿ ಗಿಡ್ಡವಾಗಿ ಅಗಲವಾಗುತ್ತದೆ, ಕೆಲವು ಹಸುಗಳಲ್ಲಿ ಹಾಲು ತೊಟ್ಟಿಕ್ಕುತ್ತದೆ. ಆಮೇಲೆ ನಿಧಾನವಾಗಿ ದಾರಿಯ ಒಳಪದರದಿಂದ ಮೇಣದಂಥ ಕೆರಟಿನ್ ಬಿರಡೆ ಕೂಡಿಕೊಂಡು ಬಾಯಿ ಮುಚ್ಚುತ್ತದೆ. ಕಡಿಮೆ ಹಾಲಿನ ಹಸುವಿನಲ್ಲಿ ಇದು ಬೇಗ ಆಗುತ್ತದೆ. ಹೆಚ್ಚು ಹಾಲಿನ ಹಸುವಿನಲ್ಲಿ ತಡ. ಕೆಲವು ತೊಟ್ಟು ಬತ್ತಿದ ಅವಧಿ ಮುಗಿಯುವವರೆಗೂ ಪೂರ್ತಿ ಮುಚ್ಚುವುದಿಲ್ಲ. ನಡುವಿನ ವಾರಗಳಲ್ಲಿ ಕೆಚ್ಚಲಿನಲ್ಲಿ ಲ್ಯಾಕ್ಟೊಫೆರಿನ್ ಎಂಬ ಪ್ರೋಟೀನ್ ಏರಿ, ರೋಗಾಣುಗಳಿಗೆ ಬೇಕಾದ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಆಗ ಭಯ ಕಡಿಮೆ. ಕರು ಹಾಕುವ ದಿನ ಹತ್ತಿರವಾದಂತೆ ಗಿಣ್ಣು ತುಂಬಿ, ಬಿರಡೆ ಸಡಿಲವಾಗಿ, ಹಸುವಿನ ರೋಗ ತಡೆಯುವ ಶಕ್ತಿಯೂ ತಗ್ಗುತ್ತದೆ. ಇ. ಕೋಲಿ, ಸ್ಟ್ರೆಪ್ಟೊಕಾಕಸ್ ಯುಬೆರಿಸ್ ಎಂಬ ರೋಗಾಣುಗಳು ನುಗ್ಗುವುದು ಆಗಲೇ. ಕರು ಹಾಕಿದ ವಾರದಲ್ಲಿ ಕಾಣುವ ಕೆಚ್ಚಲು ಬಾವು ಎಷ್ಟೋ ಸಲ ಬತ್ತಿದ ಕಾಲದಲ್ಲಿ ಹೊಕ್ಕ ರೋಗಾಣುವಿನದು.

ಆಯ್ಕೆಗೆ ಮುಂಚೆ ನೋಡಬೇಕಾದದ್ದು

ಕೆಚ್ಚಲಿನಲ್ಲಿ ಈಗ ಸೋಂಕು ಇದೆಯೆ ಎಂಬುದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಕಣ್ಣಿಗೆ ಕಾಣುವ ಬಾವು ಎಲ್ಲರಿಗೂ ಗೊತ್ತಾಗುತ್ತದೆ. ಹಾಲು ಚೆನ್ನಾಗಿ ಕಂಡು ಒಳಗೆ ಸೋಂಕಿರುವ ಸುಪ್ತ ಕೆಚ್ಚಲು ಬಾವನ್ನು ಹುಡುಕಿಯೇ ನೋಡಬೇಕು. ಹಾಲಿನ ಸೊಮ್ಯಾಟಿಕ್ ಸೆಲ್ ಕೌಂಟ್ (ಹಾಲಿನಲ್ಲಿರುವ, ಹೆಚ್ಚಾಗಿ ಬಿಳಿ ರಕ್ತಕಣಗಳಾದ ಜೀವಕೋಶಗಳ ಎಣಿಕೆ) ತಿಂಗಳು ತಿಂಗಳು ಮಾಡಿಸುವವರಿಗೆ ಕೆಲಸ ಸುಲಭ: ಕೊನೆಯ ಮೂರು ಎಣಿಕೆಯೂ ಮಿಲಿಲೀಟರಿಗೆ 2 ಲಕ್ಷಕ್ಕಿಂತ ಕಡಿಮೆ, ಕೊನೆಯ ಮೂರು ತಿಂಗಳಲ್ಲಿ ಒಮ್ಮೆಯೂ ಬಾವು ಇಲ್ಲ ಎಂದರೆ ಆ ಕೆಚ್ಚಲು ಬಹುಮಟ್ಟಿಗೆ ಶುದ್ಧ. ಒಂದು ಎಚ್ಚರಿಕೆ ಮಾತ್ರ: ಈ ಎಣಿಕೆ ನಾಲ್ಕೂ ತೊಟ್ಟಿನ ಹಾಲು ಕೂಡಿಸಿ ಮಾಡಿದ್ದು. ಮೂರು ಒಳ್ಳೆಯ ಭಾಗಗಳ ಹಾಲು ಒಂದು ಕೆಟ್ಟ ಭಾಗವನ್ನು ಮುಚ್ಚಿಡಬಲ್ಲದು.

ದಾಖಲೆ ಇಲ್ಲದವರಿಗೆ, ಒಂದೆರಡು ಹಸು ಸಾಕುವವರಿಗೆ ಸಿಎಂಟಿ (ಕ್ಯಾಲಿಫೋರ್ನಿಯಾ ಮ್ಯಾಸ್ಟೈಟಿಸ್ ಟೆಸ್ಟ್) ಎಂಬ ಕೊಟ್ಟಿಗೆಯಲ್ಲೇ ಮಾಡುವ ಪರೀಕ್ಷೆಯೇ ದಾರಿ. ನಾಲ್ಕು ಬಟ್ಟಲಿನ ಪ್ಯಾಡಲ್‌ಗೆ, ಮೊದಲ ನಾಲ್ಕು ಧಾರೆ ಚೆಲ್ಲಿದ ಮೇಲೆ, ಒಂದೊಂದು ತೊಟ್ಟಿನಿಂದ 2–3 ಮಿಲಿ ಹಾಲು ಕರೆಯಬೇಕು. ಅಷ್ಟೇ ಪ್ರಮಾಣದ ದ್ರಾವಣ ಹಾಕಿ ಹತ್ತು ಸೆಕೆಂಡು ಮೆಲ್ಲನೆ ಸುತ್ತಿಸಿ, ಸುತ್ತಿಸುತ್ತಲೇ ನೋಡಬೇಕು. ನೀರಿನಂತೆ ಹರಿದಾಡಿದರೆ ಸೋಂಕಿಲ್ಲ. ತಳದಲ್ಲಿ ತೆಳು ಲೋಳೆ ಮೂಡಿ ಮಾಯವಾದರೆ ಸಂದೇಹ. ಲೋಳೆ ನಿಂತರೆ ಸೋಂಕಿದೆ; ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗಿ ನಡುವೆ ಗುಡ್ಡೆಗಟ್ಟಿದರೆ ಜೋರಾಗಿಯೇ ಇದೆ. 20 ಸೆಕೆಂಡಿನೊಳಗೆ ಓದಿ ಮುಗಿಸಬೇಕು, ಆಮೇಲೆ ತೆಳು ಲೋಳೆ ಒಡೆದುಹೋಗುತ್ತದೆ. ದ್ರಾವಣದಲ್ಲಿರುವ ಡಿಟರ್ಜೆಂಟ್ ಬಿಳಿ ರಕ್ತಕಣಗಳನ್ನು ಒಡೆದು, ಹೊರಬಿದ್ದ ಡಿಎನ್‌ಎ ಲೋಳೆಗಟ್ಟುವುದೇ ಇಲ್ಲಿ ನಡೆಯುವುದು. ಸಿಎಂಟಿ ದ್ರಾವಣ ಸಿಗದಿದ್ದರೆ ಬಟ್ಟೆ ತೊಳೆಯುವ ಪುಡಿಯ ಶೇ. 3ರ ದ್ರಾವಣ, ಅಂದರೆ ಅರ್ಧ ಲೀಟರ್ ನೀರಿಗೆ 15 ಗ್ರಾಂ, ಅದೇ ತತ್ವದಲ್ಲಿ ಕೆಲಸ ಮಾಡುತ್ತದೆ. ಬಣ್ಣದ ಸುಳಿವು ಸಿಗುವುದಿಲ್ಲ, ಲೋಳೆ ಕಾಣುತ್ತದೆ.

ಈ ಪರೀಕ್ಷೆಯನ್ನು ಬತ್ತಿಸುವ ಒಂದು ವಾರದ ಮುಂಚೆ, ಹಸು ಎಂದಿನಂತೆ ಹಾಲು ಕೊಡುತ್ತಿರುವಾಗಲೇ ಮಾಡಿಬಿಡಿ. ಹಾಲು ತೀರ ಇಳಿದ ಮೇಲೆ ಮಾಡಿದರೆ ಕಣಗಳು ಕಡಿಮೆ ಹಾಲಿನಲ್ಲಿ ಒತ್ತಾಗಿ ಚೆನ್ನಾಗಿರುವ ಕೆಚ್ಚಲೂ ಲೋಳೆ ತೋರಿಸುತ್ತದೆ. ಯಾವ ರೋಗಾಣು ಎಂದು ಸಿಎಂಟಿ ಹೇಳುವುದಿಲ್ಲ. ಅದು ಬೇಕಾದರೆ ಶುದ್ಧ ಸೀಸೆಯಲ್ಲಿ ಹಾಲು ತೆಗೆದು, ತಣ್ಣಗಿಟ್ಟು, ಪ್ರಯೋಗಾಲಯಕ್ಕೆ ಕಳಿಸಿ ಕಲ್ಚರ್, ಅಂದರೆ ರೋಗಾಣು ಬೆಳೆಸಿ ಗುರುತಿಸುವ ಪರೀಕ್ಷೆ, ಮಾಡಿಸಬೇಕು. ಫಲಿತಾಂಶಕ್ಕೆ ಒಂದೆರಡು ದಿನವಾದರೂ ಬೇಕಾಗುವುದರಿಂದ ಇದನ್ನೂ ಮುಂಚೆಯೇ ಯೋಚಿಸಬೇಕು. ಒಂದು ಹಿಂಡಿನಲ್ಲಿ ಪದೇ ಪದೇ ಬಾವು ಬರುತ್ತಿದ್ದರೆ ಕಲ್ಚರ್‌ಗೆ ಮಾಡಿದ ಖರ್ಚು ಎಂದೂ ದಂಡವಲ್ಲ.

ಎರಡನೆಯದು, ಬತ್ತಿಸುವ ದಿನ ಎಷ್ಟು ಹಾಲಿದೆ ಎಂಬುದು. ದಿನಕ್ಕೆ 15 ಲೀಟರ್ ದಾಟಿದ್ದರೆ ತೊಟ್ಟು ತಾನಾಗಿ ಬೇಗ ಮುಚ್ಚುತ್ತದೆಂದು ನಂಬುವಂತಿಲ್ಲ. ಮೂರನೆಯದು ತಾರೀಖು: ಕರು ಹಾಕಲು ಇನ್ನೂ ಎಷ್ಟು ದಿನವಿದೆ? ಹಸುವಿನ ಗಬ್ಬ ಸುಮಾರು 280 ದಿನ, ಎಮ್ಮೆಯದು ಸುಮಾರು 310. ಬತ್ತಿದ ಅವಧಿ 45ರಿಂದ 60 ದಿನ ಇರಬೇಕು. ಗಬ್ಬ ಕಟ್ಟಿಸಿದ ತಾರೀಖು ಬರೆದಿಡದಿದ್ದರೆ ಟ್ಯೂಬಿನ ಮೇಲೆ ಬರೆದ ಕನಿಷ್ಠ ಅವಧಿಯನ್ನು ಪಾಲಿಸುವುದೇ ಅಸಾಧ್ಯ. ಕೊನೆಯದಾಗಿ, ಬತ್ತಿದ ಹಸು ಮಲಗುವ ಜಾಗ ಒಣಗಿದೆಯೆ, ತೊಟ್ಟಿಗೆ ಏನನ್ನಾದರೂ ಸೇರಿಸುವ ಕೈ ಶುಚಿಯಾಗಿ ಕೆಲಸ ಮಾಡಬಲ್ಲದೆ ಎಂದು ನೋಡಬೇಕು. ಈ ಎರಡನೆಯ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿಕೊಳ್ಳದವರೇ ಹೆಚ್ಚು ನಷ್ಟ ಅನುಭವಿಸುವುದು.

ಏನನ್ನೂ ಹಾಕದೆ ಬತ್ತಿಸುವುದು

ಖರ್ಚಿಲ್ಲ, ತೊಟ್ಟಿನೊಳಗೆ ಕೊಳೆ ಸೇರಿಸುವ ಅಪಾಯವಿಲ್ಲ, ಔಷಧಿಯ ಉಳಿಕೆಯ ಚಿಂತೆಯೂ ಇಲ್ಲ. ದಿನಕ್ಕೆ ಐದಾರು ಲೀಟರಿಗೆ ಇಳಿದಿರುವ, ಸಿಎಂಟಿಯಲ್ಲಿ ನಾಲ್ಕೂ ಭಾಗ ಶುದ್ಧವಾಗಿರುವ, ತೊಟ್ಟಿನ ತುದಿ ನಯವಾಗಿರುವ, ಒಣ ಜಾಗದಲ್ಲಿ ಮಲಗುವ ಹಸುವಿಗೆ ಇದು ಒಪ್ಪುವ ದಾರಿ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಲೆಕ್ಕ ತಿರುಗುತ್ತದೆ. ಮಳೆಗಾಲದಲ್ಲಿ ಸಗಣಿ-ಗಂಜಲದ ಕೆಸರಿನಲ್ಲಿ ಮಲಗುವ ಹಸುವಿನ ತೆರೆದ ತೊಟ್ಟನ್ನು ಅದೃಷ್ಟಕ್ಕೆ ಬಿಟ್ಟರೆ, ಉಳಿಸಿದ ದುಡ್ಡಿಗಿಂತ ಕರು ಹಾಕಿದ ಮೇಲೆ ಚೆಲ್ಲುವ ಹಾಲೇ ಹೆಚ್ಚಾಗುತ್ತದೆ.

ಕೆಚ್ಚಲಿಗೆ ಹೊರಗಿನಿಂದ ಹಚ್ಚುವ ಲೇಪಗಳನ್ನು ಈ ಗುಂಪಿಗೇ ಸೇರಿಸಬೇಕು. ಅವು ಚರ್ಮಕ್ಕೆ ಹಿತ ಕೊಡಬಹುದು. ಒಳಗಿನ ಸೋಂಕನ್ನು ತಲುಪುವುದಿಲ್ಲ, ತೊಟ್ಟಿನ ದಾರಿಯನ್ನೂ ಮುಚ್ಚುವುದಿಲ್ಲ.

ಎಲ್ಲ ಹಸುವಿಗೂ ಡ್ರೈ ಟ್ಯೂಬ್

ಪ್ರತಿ ಹಸುವಿನ ನಾಲ್ಕೂ ತೊಟ್ಟಿಗೆ, ಸೋಂಕು ಇರಲಿ ಇಲ್ಲದಿರಲಿ, ಕ್ಲೋಕ್ಸಾಸಿಲಿನ್ ಬೆಂಜಥೀನ್ ಅಥವಾ ಅಂಥದೇ ನಿಧಾನವಾಗಿ ಬಿಡುಗಡೆಯಾಗುವ ಆಂಟಿಬಯಾಟಿಕ್ ಹಾಕುವ ಪದ್ಧತಿ ಇದು. 1960ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ ಕೆಚ್ಚಲು ಬಾವು ನಿಯಂತ್ರಣದ ಐದಂಶದ ಕ್ರಮದಲ್ಲಿ ಇದೂ ಒಂದು. ಆಗ ಇದಕ್ಕೆ ಬಲವಾದ ಕಾರಣವಿತ್ತು: ಹಸುವಿನಿಂದ ಹಸುವಿಗೆ ಹಾಲು ಕರೆಯುವ ಕೈ, ಬಟ್ಟೆ, ಯಂತ್ರದ ಮೂಲಕ ಹರಡುವ ಸ್ಟ್ರೆಪ್ಟೊಕಾಕಸ್ ಅಗಲಾಕ್ಟಿಯೆ, ಸ್ಟೆಫೈಲೊಕಾಕಸ್ ಆರಿಯಸ್ ಎಲ್ಲೆಡೆ ತುಂಬಿದ್ದವು. ಇಂದಿಗೂ ಹಿಂಡಿನ ಅರ್ಧದಷ್ಟು ಹಸುಗಳ ಸಿಎಂಟಿ ಲೋಳೆ ತೋರಿಸುತ್ತಿದ್ದರೆ, ಯಾವುದಕ್ಕೂ ದಾಖಲೆಯಿಲ್ಲದಿದ್ದರೆ, ಪಶುವೈದ್ಯರ ಜೊತೆ ಕೂತು ಒಂದು ಸುತ್ತು ಎಲ್ಲಕ್ಕೂ ಟ್ಯೂಬ್ ಹಾಕಿ ಹಿಂಡನ್ನು ಶುದ್ಧ ಮಾಡಿಕೊಳ್ಳುವುದರಲ್ಲಿ ಅರ್ಥವಿದೆ.

ಬತ್ತಿದ ಕಾಲದ ಚಿಕಿತ್ಸೆಗೆ ಒಂದು ದೊಡ್ಡ ಅನುಕೂಲವಿದೆ. ಹಾಲು ಕರೆಯುವುದಿಲ್ಲವಾದ್ದರಿಂದ ಔಷಧಿ ವಾರಗಟ್ಟಲೆ ಒಳಗೇ ನಿಲ್ಲುತ್ತದೆ, ಚೆಲ್ಲಬೇಕಾದ ಹಾಲೂ ಇಲ್ಲ. ಅಗಲಾಕ್ಟಿಯೆ ಪೆನಿಸಿಲಿನ್ ಗುಂಪಿನ ಔಷಧಿಗೆ ಚೆನ್ನಾಗಿ ಬಗ್ಗುತ್ತದೆ. ಆರಿಯಸ್ ಹಾಗಲ್ಲ. ಅದು ಕೆಚ್ಚಲಿನ ಮಾಂಸದಲ್ಲಿ ಸಣ್ಣ ಕೀವುಗೂಡು ಕಟ್ಟಿಕೊಂಡು, ಜೀವಕೋಶಗಳ ಒಳಗೂ ಅಡಗಿ ಕೂರುತ್ತದೆ. ಚಿಕ್ಕ ವಯಸ್ಸಿನ ಹಸು, ಒಂದೇ ಭಾಗಕ್ಕೆ ತಗಲಿದ ಹೊಸ ಸೋಂಕು ಆದರೆ ಗುಣವಾಗುವ ಸಾಧ್ಯತೆ ಚೆನ್ನಾಗಿದೆ. ನಾಲ್ಕೈದು ಕರು ಹಾಕಿ, ಎರಡು ಮೂರು ಭಾಗ ಗಂಟುಗಟ್ಟಿದ ಕೆಚ್ಚಲಿಗೆ ಯಾವ ಟ್ಯೂಬ್ ಹಾಕಿದರೂ ಫಲ ಕಡಿಮೆ.

ಇನ್ನು ಕೊರತೆಗಳು. ಡ್ರೈ ಟ್ಯೂಬ್‌ಗಳಲ್ಲಿ ಹೆಚ್ಚಿನವು ಸ್ಟೆಫ್, ಸ್ಟ್ರೆಪ್ ಜಾತಿಗಳ ಮೇಲೆ ಪರಿಣಾಮಕಾರಿ, ಇ. ಕೋಲಿಯ ಮೇಲೆ ಅಲ್ಲ. ಕರು ಹಾಕುವ ವಾರ ಬರುವ ಹೊತ್ತಿಗೆ ಔಷಧಿಯ ಬಲವೂ ಇಳಿದಿರುತ್ತದೆ. ಅಂದರೆ ಕಾವಲು ಬೇಕಾದ ಎರಡನೆಯ ಹೊತ್ತಿಗೆ ಕಾವಲುಗಾರನೇ ಇಲ್ಲ. ಸೋಂಕಿಲ್ಲದ ಕೆಚ್ಚಲಿಗೆ ಔಷಧಿ ಸುರಿಯುತ್ತ ಹೋದರೆ ಔಷಧಿಗೆ ಬಗ್ಗದ ರೋಗಾಣುಗಳನ್ನು ನಾವೇ ಬೆಳೆಸಿದಂತೆ. ನಿಜವಾಗಿ ಬೇಕಾದ ದಿನ ಅದೇ ಔಷಧಿ ಕೈಕೊಡುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2022ರ ಜನವರಿ 28ರಿಂದ ಅನ್ವಯವಾದ 2019/6 ನಿಯಮವು ಹೀಗೆ ವಾಡಿಕೆಯಂತೆ ಆಂಟಿಬಯಾಟಿಕ್ ಕೊಡುವುದನ್ನು ತಡೆದಿದೆ. ಮುನ್ನೆಚ್ಚರಿಕೆಗಾಗಿ ಕೊಡುವುದಾದರೆ ಅಪರೂಪಕ್ಕೆ, ಆಯ್ದ ಪ್ರಾಣಿಗೆ ಮಾತ್ರ.

ಟ್ಯೂಬ್ ಕೊಳ್ಳುವಾಗ ಪೊಟ್ಟಣ ಓದಿಯೇ ಕೊಳ್ಳಿ. ಹಾಲು ಕೊಡುವ ಹಸುವಿನ ಟ್ಯೂಬ್ ಬೇರೆ, ಬತ್ತಿಸುವ ಟ್ಯೂಬ್ ಬೇರೆ. ಮೊದಲನೆಯದನ್ನು ಬತ್ತಿಸುವಾಗ ಹಾಕಿದರೆ ಕೆಲವೇ ದಿನಕ್ಕೆ ಕರಗಿಹೋಗುತ್ತದೆ. ಎರಡನೆಯದನ್ನು ಹಾಲು ಕೊಡುತ್ತಿರುವ ಹಸುವಿಗೆ ಹಾಕಿಬಿಟ್ಟರೆ ವಾರಗಟ್ಟಲೆ ಹಾಲಿನಲ್ಲಿ ಔಷಧಿ ಬರುತ್ತಿರುತ್ತದೆ, ಆ ಹಾಲು ಮಾರುವಂತಿಲ್ಲ. ಡ್ರೈ ಟ್ಯೂಬಿನ ಮೇಲೆ ಎರಡು ಸಂಖ್ಯೆ ಇರುತ್ತವೆ: ಕರು ಹಾಕಲು ಕನಿಷ್ಠ ಎಷ್ಟು ದಿನ ಬಾಕಿ ಇರಬೇಕು, ಕರು ಹಾಕಿದ ಮೇಲೆ ಎಷ್ಟು ಹೊತ್ತು ಹಾಲು ಬಳಸಬಾರದು. ಹಸು ದಿನಕ್ಕೆ ಮುಂಚೆ ಕರು ಹಾಕಿದರೆ ಮೊದಲ ಸಂಖ್ಯೆಯಲ್ಲಿ ಎಷ್ಟು ದಿನ ಕಡಿಮೆಯಾಯಿತೆಂದು ಲೆಕ್ಕ ಹಾಕಿ ಪಶುವೈದ್ಯರನ್ನು ಕೇಳಿಯೇ ಹಾಲು ಕೊಡಬೇಕು.

ಸೀಲಂಟ್ ಮಾತ್ರ

ಒಳಗೆ ಹಾಕುವ ಸೀಲಂಟ್ ಎಂದರೆ ಬಿಸ್ಮತ್ ಸಬ್‌ನೈಟ್ರೇಟ್ ಎಂಬ ಭಾರದ ಪುಡಿಯನ್ನು ಎಣ್ಣೆಯಂಥ ತಳಹದಿಯಲ್ಲಿ ಕಲಸಿದ ಮುದ್ದೆ. ಸಾಮಾನ್ಯವಾಗಿ ಒಂದು ಟ್ಯೂಬಿನಲ್ಲಿ 4 ಗ್ರಾಂ ಇರುತ್ತದೆ, ಅದರ ಶೇ. 65 ಬಿಸ್ಮತ್ ಸಬ್‌ನೈಟ್ರೇಟ್. ತೊಟ್ಟಿನ ಬುಡದ ತನಕ ತುಂಬಿ ಕೂತು, ಕರು ಹಾಕುವವರೆಗೂ ಕರಗದೆ ಇರುತ್ತದೆ. ಎರಡೂ ಅಪಾಯದ ಕಾಲಕ್ಕೆ ಒದಗುವುದು ಇದೊಂದೇ. ಆಂಟಿಬಯಾಟಿಕ್ ಅಲ್ಲದ್ದರಿಂದ ಹಾಲಿನಲ್ಲಿ ಔಷಧಿಯ ಉಳಿಕೆಯ ಪ್ರಶ್ನೆ ಇಲ್ಲ, ಹಸು ಮುಂಚೆ ಕರು ಹಾಕಿದರೂ ತಲೆನೋವಿಲ್ಲ. ಹೆಚ್ಚು ಹಾಲಿನ, ಆದರೆ ಶುದ್ಧ ಕೆಚ್ಚಲಿನ ಹಸುವಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಆದರೆ ಎಲ್ಲ ಆಯ್ಕೆಗಳಲ್ಲಿ ಶುಚಿತ್ವ ಅತಿ ಹೆಚ್ಚು ಬೇಡುವುದೂ ಇದೇ. ಆಂಟಿಬಯಾಟಿಕ್ ಟ್ಯೂಬ್ ಹಾಕುವಾಗ ಸ್ವಲ್ಪ ಕೊಳೆ ಸೇರಿದರೆ ಔಷಧಿ ಕೆಲವನ್ನಾದರೂ ಕೊಂದೀತು. ಸೀಲಂಟ್ ಜೊತೆ ಸಗಣಿಯ ಕಣ ಒಳಗೆ ಹೋದರೆ, ಇ. ಕೋಲಿಯನ್ನು ಒಳಗೆ ಬಿಟ್ಟು ಮೇಲಿನಿಂದ ಬೀಗ ಹಾಕಿದಂತೆ. ಎರಡು ಮೂರು ದಿನಕ್ಕೆ ಜ್ವರ, ಮೇವು ಬಿಡುವುದು, ಕೆಚ್ಚಲು ಕಲ್ಲಾಗುವುದು. ಹಸುವೇ ಸಾಯುವುದೂ ಉಂಟು. ಸೋಂಕಿರುವ ಭಾಗಕ್ಕೆ ಬರೀ ಸೀಲಂಟ್ ಹಾಕಿದರೂ ಅದೇ ಪಾಡು. ಸಿಎಂಟಿಯೂ ಮಾಡದೆ, ಸ್ಪಿರಿಟ್ಟೂ ಬಳಸದೆ ಸೀಲಂಟ್ ಹಾಕುವುದಕ್ಕಿಂತ ಏನೂ ಹಾಕದಿರುವುದು ಮೇಲು.

ಎರಡೂ ಒಟ್ಟಿಗೆ

ಸೋಂಕಿರುವ ಹಸುವಿಗೆ ಮೊದಲು ಡ್ರೈ ಟ್ಯೂಬ್, ಅದರ ಹಿಂದೆಯೇ ಸೀಲಂಟ್. ಒಂದು ಒಳಗಿನದನ್ನು ನೋಡಿಕೊಳ್ಳುತ್ತದೆ, ಇನ್ನೊಂದು ಬಾಗಿಲು ಕಾಯುತ್ತದೆ. ಖರ್ಚು ಎಲ್ಲಕ್ಕಿಂತ ಹೆಚ್ಚು, ಒಂದು ಹಸುವಿಗೆ ಎಂಟು ಟ್ಯೂಬ್. ಕೈಚಳಕವೂ ಹೆಚ್ಚು ಬೇಕು, ಯಾಕೆಂದರೆ ತೊಟ್ಟಿನ ಬಾಯಿ ಎರಡು ಸಲ ತೆರೆಯಬೇಕು. ಒಂದೇ ಭಾಗ ಲೋಳೆ ತೋರಿಸಿ ಉಳಿದ ಮೂರು ಶುದ್ಧವಾಗಿದ್ದರೆ ಆ ಒಂದಕ್ಕೆ ಮಾತ್ರ ಆಂಟಿಬಯಾಟಿಕ್ ಸಾಕೆ? ಕಲ್ಚರ್‌ನಲ್ಲಿ ಆರಿಯಸ್ ಬಂದಿದ್ದರೆ ಸಾಲದು, ನಾಲ್ಕಕ್ಕೂ ಹಾಕುವುದು ಕ್ಷೇಮ. ಬೇರೆ ರೋಗಾಣು ಎಂದು ಗೊತ್ತಿದ್ದು, ಸಿಎಂಟಿ ಎರಡು ಸಲ ಒಂದೇ ಉತ್ತರ ಕೊಟ್ಟಿದ್ದರೆ ಒಂದಕ್ಕೆ ಔಷಧಿ, ನಾಲ್ಕಕ್ಕೂ ಸೀಲಂಟ್ ಎಂದು ಇಟ್ಟುಕೊಳ್ಳಬಹುದು.

ಬತ್ತಿಸುವ ದಿನವೇ ಹಾಲಿನಲ್ಲಿ ಗರಣೆ, ಕೆಚ್ಚಲು ಬಿಸಿ, ಊತ ಕಂಡರೆ ಅಂದು ಬತ್ತಿಸಬೇಡಿ. ಮೊದಲು ಹಾಲಿನ ಹಸುವಿನ ಚಿಕಿತ್ಸೆ ಮಾಡಿಸಿ, ಹಾಲು ಸರಿಯಾದ ಮೇಲೆ ಬತ್ತಿಸಬೇಕು. ಡ್ರೈ ಟ್ಯೂಬ್ ಉರಿಯುತ್ತಿರುವ ಬಾವಿಗೆ ಮಾಡಿದ್ದಲ್ಲ.

ತೊಟ್ಟಿನ ಮೇಲೆ ಪ್ಲಾಸ್ಟಿಕ್ಕಿನಂಥ ತೆಳು ಪದರ ಕಟ್ಟುವ ಹೊರ ಸೀಲಂಟ್ ಕೂಡ ಇದೆ. ಅದ್ದಿ ಒಣಗಿಸಿದರೆ ಆಯಿತು, ಒಳಗೆ ಏನೂ ಸೇರಿಸಬೇಕಾಗಿಲ್ಲ. ಕೆಲವೇ ದಿನಕ್ಕೆ ಕಿತ್ತುಹೋಗುವುದರಿಂದ ಬತ್ತಿಸಿದ ವಾರದಲ್ಲೂ ಕರು ಹಾಕುವ ವಾರದಲ್ಲೂ ಮತ್ತೆ ಮತ್ತೆ ಅದ್ದಬೇಕು. ಶುಚಿಯಾಗಿ ಟ್ಯೂಬ್ ಹಾಕುವ ಭರವಸೆ ಇಲ್ಲದವರಿಗೆ ಇದು ನಡುದಾರಿ.

ತೊಟ್ಟಿನ ತುದಿಯ ಕೆಲಸ

ವಾರದ ಮುಂಚಿನಿಂದ ಹಿಂಡಿ, ಪಶು ಆಹಾರ ಇಳಿಸುತ್ತ ಬಂದು ಒಣ ಮೇವು ಹೆಚ್ಚಿಸಿ. ನೀರು ಮಾತ್ರ ಎಂದೂ ಕಡಿಮೆ ಮಾಡಬಾರದು. 15 ಲೀಟರಿಗಿಂತ ಹೆಚ್ಚು ಕೊಡುವ ಹಸುವಾದರೆ ಆ ವಾರ ದಿನಕ್ಕೆ ಒಂದೇ ಸಲ ಕರೆಯಿರಿ. ಒಮ್ಮೆ ನಿಲ್ಲಿಸಿದ ಮೇಲೆ ನಿಲ್ಲಿಸಿದ್ದೇ. ಎರಡು ದಿನಕ್ಕೊಮ್ಮೆ, ಮೂರು ದಿನಕ್ಕೊಮ್ಮೆ ಎಂದು ತಿಂಗಳಿಡೀ ಎಳೆಯುತ್ತ ಹೋದರೆ ಪ್ರತಿ ಸಲವೂ ಹಸು ತೊರೆ ಬಿಡುತ್ತದೆ, ಮುಚ್ಚುತ್ತಿದ್ದ ದಾರಿ ಮತ್ತೆ ತೆರೆಯುತ್ತದೆ.

ಕೊನೆಯ ಸಲ ನಾಲ್ಕೂ ತೊಟ್ಟನ್ನು ಪೂರ್ತಿ ಕರೆದು, ಕೊಟ್ಟಿಗೆಯ ಉಳಿದ ಕೆಲಸವೆಲ್ಲ ಮುಗಿದ ಮೇಲೆ ಇದಕ್ಕೆ ಕೂರಬೇಕು. ಬಾಲ ಕಟ್ಟಿ, ಹಿಡಿದುಕೊಳ್ಳಲು ಇನ್ನೊಬ್ಬರನ್ನು ನಿಲ್ಲಿಸಿಕೊಳ್ಳಿ. ಕೆಚ್ಚಲಿಗೆ ನೀರು ಸುರಿಯಬೇಡಿ. ಮೇಲಿಂದ ಇಳಿಯುವ ಕೊಳೆ ನೀರು ನೇರ ತೊಟ್ಟಿನ ತುದಿಗೇ ಬಂದು ನಿಲ್ಲುತ್ತದೆ. ಒದ್ದೆಯಿದ್ದರೆ ಒಣ ಬಟ್ಟೆಯಲ್ಲಿ ಒರೆಸಿ, ಹೊಸ ಕೈಗವಸು ಹಾಕಿಕೊಳ್ಳಿ. ಶೇ. 70ರ ಸ್ಪಿರಿಟ್ಟಿನಲ್ಲಿ ನೆನೆಸಿದ ಹತ್ತಿಯಿಂದ ತೊಟ್ಟಿನ ತುದಿಯನ್ನು ಉಜ್ಜಬೇಕು. ಹತ್ತಿ ಕಂದು ಬಣ್ಣಕ್ಕೆ ತಿರುಗಿದರೆ ಎಸೆದು ಹೊಸದು. ಬೆಳ್ಳಗೇ ಬರುವ ತನಕ. ನಿಮಗೆ ದೂರದ ಎರಡು ತೊಟ್ಟನ್ನು ಮೊದಲು ಒರೆಸಿ, ಆಮೇಲೆ ಹತ್ತಿರದವು. ಟ್ಯೂಬ್ ಹಾಕುವಾಗ ಕ್ರಮ ತಿರುಗುಮುರುಗು: ಹತ್ತಿರದವಕ್ಕೆ ಮೊದಲು, ದೂರದವಕ್ಕೆ ಕೊನೆಗೆ. ಇಲ್ಲದಿದ್ದರೆ ಒರೆಸಿಟ್ಟ ತೊಟ್ಟಿಗೆ ತೋಳು ತಗಲಿ ಮಾಡಿದ ಕೆಲಸವೆಲ್ಲ ಹಾಳು.

ಟ್ಯೂಬಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುವವರು ಬಹಳ ಜನ. ಅದು ಬಾಯಿಯ ರೋಗಾಣುವನ್ನು ಕೆಚ್ಚಲಿಗೆ ಕಳಿಸುವ ನೇರ ದಾರಿ. ಮುಚ್ಚಳ ಎರಡು ತುಂಡಿನದಾದರೆ ತುದಿಯ ಸಣ್ಣ ತುಂಡನ್ನಷ್ಟೇ ಮುರಿಯಿರಿ. ಮೂತಿ 3 ಮಿಲಿಮೀಟರ್ ಒಳಗೆ ಹೋದರೆ ಸಾಕು. ಪೂರ್ತಿ ತುರುಕಿದರೆ ತೊಟ್ಟಿನ ದಾರಿಯ ಮೇಣ ಕಿತ್ತುಹೋಗುತ್ತದೆ, ದಾರಿಯಲ್ಲಿದ್ದ ರೋಗಾಣುವೂ ಒಳಕ್ಕೆ ತಳ್ಳಿಸಿಕೊಳ್ಳುತ್ತದೆ. ಒಂದು ಟ್ಯೂಬ್ ಒಂದೇ ತೊಟ್ಟಿಗೆ. ಅರ್ಧರ್ಧ ಹಂಚುವುದು ಉಳಿತಾಯವಲ್ಲ.

ಆಂಟಿಬಯಾಟಿಕ್ ಹಾಕಿದ ಮೇಲೆ ತೊಟ್ಟಿನಿಂದ ಮೇಲಕ್ಕೆ ನೀವಿ ಕೆಚ್ಚಲಿಗೆ ಏರಿಸಬೇಕು. ಸೀಲಂಟಿಗೆ ಇದರ ತದ್ವಿರುದ್ಧ. ಮತ್ತೊಮ್ಮೆ ಹೊಸ ಹತ್ತಿಯಲ್ಲಿ ತುದಿ ಒರೆಸಿ, ತೊಟ್ಟು ಕೆಚ್ಚಲಿಗೆ ಸೇರುವ ಬುಡವನ್ನು ಎಡಗೈಯ ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿದು, ಕೆಳಗಿನಿಂದ ನಿಧಾನವಾಗಿ ಒತ್ತಿ. ತೊಟ್ಟು ತುಂಬಿ ಬರುವುದು ಬೆರಳಿಗೆ ಗೊತ್ತಾಗುತ್ತದೆ. ನೀವಬಾರದು. ನೀವಿದರೆ ಬಿರಡೆ ಕೆಚ್ಚಲಿಗೆ ಏರಿಹೋಗಿ ತೊಟ್ಟು ಖಾಲಿ ಉಳಿಯುತ್ತದೆ. ಚಳಿಗೆ ಮುದ್ದೆ ಗಟ್ಟಿಯಾಗಿದ್ದರೆ ಪೊಟ್ಟಣ ಒಡೆಯದೆ ಜೇಬಿನಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳಿ, ಬಿಸಿನೀರಿಗೆ ಹಾಕಬೇಡಿ. ಮೂತಿಯ ಸಂದಿಗೆ ನೀರು ಇಳಿಯುತ್ತದೆ. ಕೊನೆಗೆ ಅಯೋಡಿನ್ ಟೀಟ್ ಡಿಪ್‌ನಲ್ಲಿ ನಾಲ್ಕೂ ತೊಟ್ಟನ್ನು ಅದ್ದಿ, ಮೇವು ಹಾಕಿ ಅರ್ಧ ಗಂಟೆ ಹಸು ನಿಂತೇ ಇರುವಂತೆ ನೋಡಿಕೊಳ್ಳಿ. ಹಿಂಗಾಲಿಗೆ ಬಣ್ಣದ ಪಟ್ಟಿ ಕಟ್ಟಿದರೆ ಮನೆಯ ಬೇರೆಯವರು ಮರೆತು ಕರೆಯುವುದು ತಪ್ಪುತ್ತದೆ. ಒಂದು ಹಸುವಿಗೆ ಹದಿನೈದು ನಿಮಿಷವಾದರೂ ಹಿಡಿಯುವ ಕೆಲಸವಿದು. ಒಂದೇ ದಿನ ಹತ್ತು ಹಸು ಬತ್ತಿಸಲು ಹೊರಟರೆ ಕೊನೆಯವಕ್ಕೆ ಮೊದಲಿನ ಶುಚಿ ಸಿಗುವುದಿಲ್ಲ.

ಯಾರಿಗೆ ಯಾವುದು

ಒಂದೆರಡು ಹಸು, ಕಡಿಮೆ ಹಾಲು, ಕೈ ಬಿಗಿ: ದುಡ್ಡನ್ನು ಮೊದಲು ಸಿಎಂಟಿಗೆ ಹಾಕಿ. ನಾಲ್ಕೂ ಶುದ್ಧವಾದರೆ ಒಣ ಹಾಸಿಗೆ, ಒಂದು ವಾರ ದಿನಾ ಟೀಟ್ ಡಿಪ್, ಇಷ್ಟರಲ್ಲೇ ಮುಗಿಸಬಹುದು. ಲೋಳೆ ಬಂದರೆ ಆ ಹಸುವಿಗೆ ಡ್ರೈ ಟ್ಯೂಬ್ ಬಿಡುವಂತಿಲ್ಲ. ಸೀಲಂಟಿನ ಖರ್ಚು ತಾಳಲಾಗದಿದ್ದರೆ ಅದನ್ನು ಬಿಡಿ, ಔಷಧಿಯನ್ನಲ್ಲ.

ಹೆಚ್ಚು ಹಾಲಿನ ಹಸುಗಳಿದ್ದು ದಾಖಲೆಯೂ ಇರುವವರು ಆಯ್ದು ಮಾಡುವ ಪದ್ಧತಿಗೆ ಬರಬಹುದು: ಎಲ್ಲಕ್ಕೂ ಸೀಲಂಟ್, ಎಣಿಕೆ 2 ಲಕ್ಷ ದಾಟಿದ್ದಕ್ಕೆ, ಮೂರು ತಿಂಗಳಲ್ಲಿ ಬಾವು ಬಂದದ್ದಕ್ಕೆ, ಸಿಎಂಟಿ ಲೋಳೆ ತೋರಿದ್ದಕ್ಕೆ ಮಾತ್ರ ಜೊತೆಗೆ ಆಂಟಿಬಯಾಟಿಕ್. ಸೀಲಂಟ್ ಇಲ್ಲದೆ ಬರೀ ಆಂಟಿಬಯಾಟಿಕ್ ನಿಲ್ಲಿಸಿ ಇದನ್ನೇ ಆಯ್ಕೆ ಎಂದುಕೊಳ್ಳುವವರಿದ್ದಾರೆ. ಅಂಥ ಹಿಂಡಿನಲ್ಲಿ ಹೊಸ ಸೋಂಕು ಏರುತ್ತದೆ, ಮತ್ತೆ ಎಲ್ಲಕ್ಕೂ ಟ್ಯೂಬ್ ಎಂಬ ಹಳೆಯ ಹಾದಿಗೆ ಮರಳಬೇಕಾಗುತ್ತದೆ.

ಎಮ್ಮೆಯ ತೊಟ್ಟಿನ ತುದಿಯ ಸ್ನಾಯು ಹಸುವಿನದಕ್ಕಿಂತ ಬಿಗಿ. ತಾನಾಗಿ ಮುಚ್ಚಿಕೊಳ್ಳುವುದಕ್ಕೆ ಅದು ಅನುಕೂಲ, ಟ್ಯೂಬ್ ಹಾಕುವುದಕ್ಕೆ ಕಷ್ಟ. ಬಲ ಹಾಕದೆ, ಸಣ್ಣ ಮೂತಿಯಲ್ಲೇ ಹಾಕಬೇಕು. ಮೊದಲ ಗಬ್ಬದ ಕಡಸಿಗೆ ಡ್ರೈ ಟ್ಯೂಬ್ ಬೇಡ. ಹಿಂದೆ ಕಡಸುಗಳಲ್ಲಿ ಬಾವು ಕಂಡ ಕೊಟ್ಟಿಗೆಯಾದರೆ ಪಶುವೈದ್ಯರಿಂದಲೇ ಸೀಲಂಟ್ ಹಾಕಿಸುವ ಬಗ್ಗೆ ಕೇಳಿ. ಒದೆಯುವ ಕಡಸಿನ ಸಣ್ಣ ತೊಟ್ಟಿಗೆ ಶುಚಿಯಾಗಿ ಹಾಕುವುದು ಮನೆಯವರ ಕೈಗೆ ಸುಲಭವಲ್ಲ. ಎರಡು ಸಲ ಬತ್ತಿಸುವಾಗ ಔಷಧಿ ಹಾಕಿಯೂ ಅದೇ ಭಾಗದಲ್ಲಿ ಆರಿಯಸ್ ಉಳಿದಿದ್ದರೆ ಮೂರನೆಯ ಸಲದ ಟ್ಯೂಬ್ ವ್ಯರ್ಥ. ಆ ಹಸುವನ್ನು ಕೊನೆಯಲ್ಲಿ ಕರೆಯುವುದೋ, ಆ ಒಂದು ಭಾಗವನ್ನು ಶಾಶ್ವತವಾಗಿ ಬತ್ತಿಸುವುದೋ, ಹಿಂಡಿನಿಂದ ತೆಗೆಯುವುದೋ ಎಂಬ ಕಷ್ಟದ ಮಾತನ್ನು ಆಡಲೇಬೇಕು. ಪಕ್ಕದ ಹಸುಗಳಿಗೆ ಹರಡುವುದು ಅಲ್ಲಿಂದಲೇ.

ಯಾವ ದಾರಿ ಹಿಡಿದರೂ ಬತ್ತಿದ ಹಸುವಿನ ಮೇವಿನಲ್ಲಿ ಖನಿಜ ಮಿಶ್ರಣ ತಪ್ಪಬಾರದು. ದಿನಕ್ಕೆ 1000 ಐಯು ವಿಟಮಿನ್ ಇ, ಒಣ ಮೇವಿನ ಲೆಕ್ಕದಲ್ಲಿ ಕಿಲೋಗೆ 0.3 ಮಿಲಿಗ್ರಾಂ ಸೆಲೆನಿಯಂ ಬಿಳಿ ರಕ್ತಕಣಗಳ ಕಸುವಿಗೆ ಬೇಕು. ಸೆಲೆನಿಯಂ ಹೆಚ್ಚಾದರೆ ವಿಷ, ಆದ್ದರಿಂದ ಮಿಶ್ರಣದ ಮೇಲಿನ ಪ್ರಮಾಣ ನೋಡಿಯೇ ಕೊಡಿ.

ಬತ್ತಿಸಿದ ಮೇಲೆ

ಮೊದಲ ನಾಲ್ಕು ದಿನ ಕೆಚ್ಚಲು ಬಿಗಿಯುವುದು ಸಹಜ. ನಾಲ್ಕೂ ಭಾಗ ಒಂದೇ ಸಮನಾಗಿ ಬಿಗಿದು, ಹತ್ತು ದಿನದ ಹೊತ್ತಿಗೆ ಮೆತ್ತಗಾಗಿ ಸುಕ್ಕುಗಟ್ಟಬೇಕು. ಒಂದೇ ಭಾಗ ಬಿಸಿಯಾಗಿ ಕೆಂಪಗಾದರೆ, ಹಸು ಮೇವು ಬಿಟ್ಟರೆ, ಕಾಲು ಅಗಲಿಸಿ ನಡೆದರೆ ಅಂದೇ ಪಶುವೈದ್ಯರನ್ನು ಕರೆಸಬೇಕು. ಬರೀ ಬಿಗಿದಿದೆ ಎಂದು ಹಿಂಡಿ ನೋಡಬೇಡಿ; ಒಂದು ಧಾರೆಯ ಜೊತೆ ಔಷಧಿಯೂ ಬಿರಡೆಯೂ ಹೊರಬರುತ್ತದೆ. ದಿನಾ ಎರಡು ಹೊತ್ತು ಕಣ್ಣಿಂದ ನೋಡಿ, ಕೈಯ ಹಿಂಭಾಗದಿಂದ ಮುಟ್ಟಿದರೆ ಸಾಕು.

ಕರು ಹಾಕಿದ ದಿನ ಸೀಲಂಟ್ ಹಾಕಿದ ತೊಟ್ಟುಗಳನ್ನು ಕೈಯಿಂದಲೇ ಹತ್ತು ಹನ್ನೆರಡು ಧಾರೆ ಬೇರೆ ಪಾತ್ರೆಗೆ ಕರೆದು ಚೆಲ್ಲಿ. ಬುಡದಿಂದ ಒತ್ತುತ್ತ ಬಂದರೆ ಬಿಳಿ ಎಳೆಯಂತೆ ಮುದ್ದೆ ಜಾರಿ ಬರುತ್ತದೆ. ಕರು ಸ್ವಲ್ಪ ನುಂಗಿದರೂ ಅಪಾಯವಿಲ್ಲ, ಆದರೆ ಹಾಲಿನ ಯಂತ್ರಕ್ಕೆ ಅದು ಹೋಗಬಾರದು. ಕೆಲವು ದಿನ ಹಾಲಿನಲ್ಲಿ ಬಿಳಿ ಚೂರು ಕಾಣುತ್ತವೆ. ಇದನ್ನೇ ಬಾವಿನ ಗರಣೆ ಎಂದುಕೊಂಡು ಮತ್ತೆ ಔಷಧಿ ಹಾಕಿಸಿದವರುಂಟು. ಬೆರಳ ನಡುವೆ ಉಜ್ಜಿ ನೋಡಿ: ಸೀಲಂಟ್ ಜೇಡಿಯಂತೆ ನಯವಾಗಿ ಮೆತ್ತಿಕೊಳ್ಳುತ್ತದೆ, ಗರಣೆ ಮೆತ್ತಗೆ ಹಿಸುಕಿಹೋಗುತ್ತದೆ.

ಮಾಡಿದ ಆಯ್ಕೆ ಸರಿಯಿತ್ತೆ ಎಂದು ತಿಳಿಯುವುದು ಕರು ಹಾಕಿ ಐದಾರು ದಿನದ ಮೇಲೆ ಮಾಡುವ ಸಿಎಂಟಿಯಿಂದ. ಅದಕ್ಕೆ ಮುಂಚೆ ಗಿಣ್ಣಿಗೇ ಲೋಳೆ ಬರುತ್ತದೆ. ಬತ್ತಿಸುವ ಮುಂಚಿನ ಫಲಿತಾಂಶದ ಪಕ್ಕದಲ್ಲೇ ಇದನ್ನೂ ತೊಟ್ಟು ತೊಟ್ಟಿಗೆ ಬರೆದಿಡಿ. ಮುಂಚೆ ಲೋಳೆ ಇದ್ದು ಈಗ ಇಲ್ಲ ಎಂದರೆ ಔಷಧಿ ಕೆಲಸ ಮಾಡಿದೆ. ಎರಡೂ ಸಲ ಲೋಳೆ ಬಂದರೆ ಕಲ್ಚರ್ ಮಾಡಿಸದೆ ಮತ್ತೆ ಅದೇ ಟ್ಯೂಬ್ ಕೊಳ್ಳಬೇಡಿ. ಮುಂಚೆ ಶುದ್ಧವಿದ್ದು ಈಗ ಲೋಳೆ ಬಂದಿದ್ದರೆ ತಪ್ಪಾಗಿರುವುದು ಬಾಗಿಲು ಕಾಯುವ ಕೆಲಸದಲ್ಲಿ: ಹಸು ಮಲಗಿದ ನೆಲ, ಒರೆಸಿದ ಹತ್ತಿ, ಹಾಕದೆ ಬಿಟ್ಟ ಸೀಲಂಟ್, ಇವುಗಳನ್ನು ಒಂದೊಂದಾಗಿ ನೋಡುತ್ತ ಬನ್ನಿ.